ಏನೂ ಮಾಡದೆ ಮಲಗುವ ಕೆಲಸ

ಕಾಲುಂಗುರ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಮದುವೆಯಾದಂದಿನಿಂದ ಅವು ಬೆರಳು ಬಿಟ್ಟು ಕದಲಿರಲಿಲ್ಲ. ಸೋಪಿನ ನೀರು ಹಾಕಿ ತಿರುವಿ ತಿರುವಿ, ಕೊನೆಗೆ ಎಡಗಾಲಿನದು ಒಂದಿಷ್ಟು ಚರ್ಮವನ್ನೂ ಕರೆದುಕೊಂಡೇ ಬಂತು. ತಾಳಿ, ಬಳೆ, ಬೆಂಡೋಲೆ, ಮೂಗುಬಟ್ಟು, ಕೂದಲ ಪಿನ್ನು ಎಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹೋದವು. ಒಳಗಿರುವುದು ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹದ ಚೂರೂ ಇರಕೂಡದು ಎಂದರು. ಹೀಗೆ ನಲವತ್ತೇಳರ ವಯಸ್ಸಿನಲ್ಲಿ, ಜರ್ಮನಿಯ ಮಾಗ್ಡೆಬರ್ಗ್ ಎಂಬ ಊರಿನಲ್ಲಿ, ಬರಿಗೊರಳಿನಲ್ಲಿ ನಾನು ಒಂದು ಕೊಳವೆಯೊಳಗೆ ಮಲಗಿದೆ. ಎಡಗೈಯಲ್ಲಿ ಒಂದು ರಬ್ಬರಿನ ಚೆಂಡು ಇಟ್ಟರು, ಹೆದರಿಕೆಯಾದರೆ ಒತ್ತುವುದಕ್ಕೆ. ತಲೆಯ ಸುತ್ತ ಕಬ್ಬಿಣದ ಹಾಳೆಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಸುರುವಾಯಿತು. ನನಗೆ ಕೊಟ್ಟ ಕೆಲಸ ಒಂದೇ: ಏನೂ ಮಾಡಬಾರದು. ಎದುರಿನ ಕನ್ನಡಿಯಲ್ಲಿ ಕಾಣುವ ಕೂಡಿಸುವ ಗುರುತನ್ನು ನೋಡುತ್ತ ಇರಬೇಕು. ನಿದ್ದೆ ಹೋಗಬಾರದು. ಬೇಕೆಂದು ಯಾವುದನ್ನೂ ಯೋಚಿಸಬಾರದು.

ಹುಟ್ಟಿದಾಗಿನಿಂದ ಈ ಕೆಲಸವನ್ನು ನನಗೆ ಯಾರೂ ಹೇಳಿರಲಿಲ್ಲ.

ನನ್ನ ತವರು ಮೂಡಲಗಿ, ಕೊಟ್ಟ ಮನೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯ ಯಂತ್ರಗಳ ಇಂಜಿನಿಯರು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು, ಇಲ್ಲಿಯ ಒಂದು ಯಂತ್ರ ಕಂಪನಿ ಅವರನ್ನು ಕರೆಸಿಕೊಂಡಿತು. ಮಗಳು ಧಾರವಾಡದಲ್ಲಿ ಕಾಲೇಜು ಕಲಿಯುತ್ತ ಹಾಸ್ಟೆಲಿನಲ್ಲಿದ್ದಳು. ಹದಿನೇಳು ಜನರಿಗೆ ರೊಟ್ಟಿ ಬಡಿಯುವ ಮನೆಯಿಂದ ಎದ್ದು ಬಂದು, ಇಬ್ಬರಿಗೆ ಅಡುಗೆ ಮಾಡುವ ನಾಲ್ಕನೆಯ ಮಹಡಿಯ ಮನೆಯಲ್ಲಿ ನಾನು ಕೂತೆ. ಇಲ್ಲಿಯ ಹಳೆಯ ಸರಕಾರ ಸಿಮೆಂಟಿನ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ತಂದು ಜೋಡಿಸಿ ಕಟ್ಟಿಸಿದ ಮನೆಗಳಿವು. ಇವಕ್ಕೆ ‘ಪ್ಲಾಟ್ಟೆ’ ಎನ್ನುತ್ತಾರೆ, ಹಲಗೆ ಎಂದು ಅರ್ಥ. ಗೋಡೆ ಎಲ್ಲರದೂ ಎಂದ ಮೇಲೆ ಸದ್ದೂ ಎಲ್ಲರದೇ. ಮಧ್ಯಾಹ್ನ ಒಂದರಿಂದ ಮೂರರವರೆಗೆ ‘ರೂಹೆ’. ರೂಹೆ ಎಂದರೆ ನಿಶ್ಶಬ್ದವೂ ಹೌದು, ವಿಶ್ರಾಂತಿಯೂ ಹೌದು. ಬಂದ ಹೊಸತರಲ್ಲಿ ನಾನು ಆ ಹೊತ್ತಿನಲ್ಲೇ ಶೇಂಗಾ ಚಟ್ನಿ ಕುಟ್ಟಿದೆ. ಕೆಳಗಿನ ಮನೆಯ ಮುದುಕಿ ಮೇಲೆ ಬಂದು, ಗಡಿಯಾರ ತೋರಿಸಿ, ಕೈ ಮುಗಿದಂತೆ ಮಾಡಿ ಹೋದಳು. ಘೋಡಗೇರಿಯಲ್ಲಿ ಮಧ್ಯಾಹ್ನ ಕುಟ್ಟುವ ಸದ್ದು ನಿಂತರೆ ಯಾರಿಗೆ ಏನಾಯಿತೋ ಎಂದು ಬಾಜೂ ಮನೆಯವರು ಇಣುಕಿ ನೋಡುತ್ತಿದ್ದರು.

ಊಟದ ಫಜೀತಿ ಬೇರೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಗಡ್ಡೆ ಗೆಣಸು ಮುಟ್ಟುವುದಿಲ್ಲ. ಇಲ್ಲಿ ಸಕ್ಕರೆ ಮಾಡುವುದೇ ಗಡ್ಡೆಯಿಂದ. ಬಿಳಿಯ ಬೀಟ್‌ರೂಟು, ಒಂದೊಂದು ಕೂಸಿನ ತಲೆಯಷ್ಟು ದಪ್ಪ. ನಮ್ಮಲ್ಲಿ ಕಬ್ಬಿನ ಹಂಗಾಮ ಎನ್ನುವ ಹಾಗೆ ಇಲ್ಲಿ ‘ಕಂಪಾನ್ಯೆ’ ಎನ್ನುತ್ತಾರೆ. ಸಂಕೇಶ್ವರದ ರಸ್ತೆಯಲ್ಲಿ ಹಂಗಾಮದ ದಿನ ಬೆಲ್ಲದ ವಾಸನೆ ಮೂಗಿಗೆ ಹತ್ತಿದರೆ, ಇಲ್ಲಿ ತೊಯ್ದ ಮಣ್ಣಿನದು. ಗಡ್ಡೆಯ ಸಕ್ಕರೆ ಚಾತುರ್ಮಾಸದಲ್ಲಿ ನಡೆಯುತ್ತದೋ ಇಲ್ಲವೋ ಎಂದು ಊರಿಗೆ ಫೋನ್ ಮಾಡಿ ಶಾಂತಕ್ಕನನ್ನು ಕೇಳಿದೆ. ಶಾಂತಕ್ಕ ನನ್ನ ನೆಗೆಣ್ಣಿ, ಭಾವನ ಹೆಂಡತಿ. ನನಗಿಂತ ಆರು ವರ್ಷ ದೊಡ್ಡವಳು. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು.

“ನಿನ್ನ ಗಂಡ ಅಲ್ಲಿ ಗಡ್ಡಿ ಹಿಂಡಿ ಪಗಾರ ತರತಾನ, ಆ ಪಗಾರ ಉಣ್ಣತೀಯೋ ಇಲ್ಲೋ?” ಎಂದಳು.

“ಉಣ್ಣತೇನಿ.”

“ಹಂಗಾರ ಚಾದಾಗ ಎರಡು ಚಮಚಾ ಹಾಕ್ಕೊ. ಪಾಪ ಬಂದ್ರ ಅವಂಗ ಬರ್ಲಿ.”

ಸೂರ್ಯನ ವಿಷಯಕ್ಕೆ ಮಾತ್ರ ಶಾಂತಕ್ಕನ ಬಳಿಯೂ ಉಪಾಯವಿರಲಿಲ್ಲ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು, ಆಗ ಇಬ್ಬರೂ ಕೂತು ಉಣ್ಣುತ್ತಿದ್ದೆವು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಹೊತ್ತು ಮುಳುಗುತ್ತದೆ. ಮನೆಯವರು ಕಾರ್ಖಾನೆಯಲ್ಲೇ ಡಬ್ಬಿ ಮುಗಿಸಿ ಆರಕ್ಕೆ ಬರುವರು. ನಾನು ಮೂರೂವರೆಗೆ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಮೂರೂವರೆಗೆ ಊಟ ಮುಗಿದರೆ ಆ ದಿನಕ್ಕೆ ಇನ್ನೇನು ಉಳಿಯುತ್ತದೆ, ನೀವೇ ಹೇಳಿ.

ಮೊದಲ ಚಳಿಗಾಲ ಹೊಸತೆಂದು ಹೋಯಿತು. ಎರಡನೆಯ ಚಳಿಗಾಲಕ್ಕೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸುವುದು, ಮಡಚಿದ ಸೀರೆಯನ್ನು ಬಿಡಿಸಿ ಮಡಚುವುದು. ಬೆಳಗಿನ ನಾಲ್ಕಕ್ಕೇ ಎಚ್ಚರ. ಬಾಯಿಗೆ ಉಪ್ಪು ಖಾರ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಇರಲಾಗದೆ ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗುತ್ತಿದ್ದೆ, ಅದೇ ಟ್ರಾಮಿನಲ್ಲಿ ತಿರುಗಿ ಬರುತ್ತಿದ್ದೆ. ಎಲ್ಬೆ ನದಿಯನ್ನು ದಿನಕ್ಕೆ ನಾಲ್ಕು ಸಲ ದಾಟಿದ್ದೂ ಉಂಟು.

ಹಾಗೊಂದು ದಿನ ಹಿಂದಿನ ಸೀಟಿನಿಂದ, “ಹೂಂ ಅವ್ವಾ, ಉಂಡೇನಿ. ಖರೇನ ಉಂಡೇನಿ. ಇಲ್ಲೂ ಅನ್ನಾ ಸಿಗತೈತಿ” ಎಂದು ಕೇಳಿತು. ತಿರುಗಿ ನೋಡಿದರೆ ಉಣ್ಣೆಯ ಟೊಪ್ಪಿಗೆ ಹಾಕಿದ ಒಂದು ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಹೆಸರು ಮಾಧುರಿ, ಸಂಕೇಶ್ವರದವಳು. ಮನೆಯಲ್ಲಿ ಮರಾಠಿ ಕನ್ನಡ ಎರಡೂ, ಸಾಲಿ ಕಲಿತದ್ದು ಕನ್ನಡದಲ್ಲಿ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಿದುಳಿನ ಚಿತ್ರ ತೆಗೆದು ಖಿನ್ನತೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಅಂದಿನಿಂದ ನನ್ನನ್ನು ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕೂ ಎಂದಳು. ಭಾನುವಾರ ಬಂದು ನನ್ನ ಕೈಯ ಜುಣಕ ರೊಟ್ಟಿ ತಿಂದು ಹೋಗುವಳು.

ಒಂದು ಭಾನುವಾರ ಅವಳೇ ಕೇಳಿದಳು. ಅವಳ ಅಧ್ಯಯನಕ್ಕೆ ಎರಡು ಗುಂಪು ಬೇಕಂತೆ. ಒಂದರಲ್ಲಿ ಖಿನ್ನತೆಯಿದ್ದು ಇನ್ನೂ ಔಷಧ ಸುರು ಮಾಡದವರು, ಇನ್ನೊಂದರಲ್ಲಿ ಆರೋಗ್ಯವಂತರು. ನನ್ನ ವಯಸ್ಸಿನ ಆರೋಗ್ಯವಂತ ಹೆಂಗಸರು ಸಾಲುತ್ತಿರಲಿಲ್ಲ.

“ಬರ್ರಿ ಕಾಕೂ, ಸುಮ್ನ ಮಲಗೂದೈತಿ.”

ಮಲಗುವ ಮುಂಚೆ ಒಂದು ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನನಗಾಗಿ ಮಾಧುರಿಯೇ ಕನ್ನಡದಲ್ಲಿ ಕೇಳಿದಳು. ನಿದ್ದಿ ಬರತೈತೇನ್ರಿ? ಬೇಷ್ ಬರತೈತಿ. ಊಟ ರುಚಿ ಹತ್ತತೈತೇನ್ರಿ? ಹತ್ತದೇನು. ಮನಸ್ಸಿಗೆ ಬ್ಯಾಸರಾ, ಯಾತಕ್ಕೂ ಬ್ಯಾಡಾದೆ ಅಂತ ಏನರ? ಏ, ನಮಗ್ಯಾಕವ್ವಾ ಅವೆಲ್ಲಾ. ಹೆಣ್ಣು ನೋಡಲು ಬಂದವರ ಮುಂದೆ ಚಾಪೆಯ ಮೇಲೆ ಕೂತ ಹಾಗೆ ಕೂತು, ಕೇಳಿದ್ದಕ್ಕೆಲ್ಲ ಬೇಷ್ ಎಂದೆ. ಅದಕ್ಕೆ ಕಾರಣವೂ ಇತ್ತು. ನನ್ನ ಮಗಳಿಗೆ ಸಂಕೇಶ್ವರದ ಒಂದು ಮನೆಯಿಂದ ಮಾತುಕತೆ ನಡೆದಿತ್ತು. ತಾಯಿಯ ತಲೆ ನೆಟ್ಟಗಿಲ್ಲ ಎಂಬ ಒಂದು ಮಾತು ಮಾಧುರಿಯ ಬಾಯಿಂದ ಅವಳ ಅವ್ವನ ಕಿವಿಗೆ ಬಿದ್ದರೆ, ಸಂತೆಯ ದಿನದೊಳಗೆ ಆ ಮನೆಯ ಬಾಗಿಲಿಗೆ ಮುಟ್ಟುತ್ತದೆ. ಅಪರಿಚಿತ ಜರ್ಮನ್ ಹೆಣ್ಣುಮಗಳು ಕೇಳಿದ್ದರೆ ಖರೆ ಹೇಳುತ್ತಿದ್ದೆನೋ ಏನೋ. ಊರಿನ ಹುಡುಗಿ ಕೇಳಿದಳು ಎಂದೇ ಸುಳ್ಳು ಹೇಳಿದೆ. ಹಾಗೆ ಆರೋಗ್ಯವಂತರ ಗುಂಪಿಗೆ ಸೇರಿ, ಕಾಲುಂಗುರ ಬಿಚ್ಚಿಟ್ಟು ಕೊಳವೆಯೊಳಗೆ ಹೋಗಿದ್ದೆ.

ಹತ್ತು ದಿನದ ಮೇಲೆ ಮಾಧುರಿ ಫೋನ್ ಮಾಡಿ ತನ್ನ ಕೋಣೆಗೆ ಕರೆದಳು. ಕಂಪ್ಯೂಟರಿನ ಪರದೆಯ ಮೇಲೆ ಬೂದು ಬಣ್ಣದ ಒಂದು ಮಿದುಳು. ನನ್ನದೇ ಅಂತೆ. ನೋಡಿದರೆ ಸುಲಿದ ಅಕ್ರೋಟಿನ ಹಾಗಿತ್ತು.

“ಕಾಕೂ, ಒಳಗ ಮಲಗಿದಾಗ ಬಲಗೈ ಅಲಗಾಡಿಸಿದ್ರೇನು?”

“ಇಲ್ಲವಾ. ಕಟಗಿ ಹಂಗ ಬಿದ್ದಿದ್ದೆ.”

“ಖರೆ ಹೇಳ್ರಿ. ಬಲಗೈ ಆಳೂ ಜಾಗಾ ಇಲ್ಲೈತಿ ನೋಡ್ರಿ, ಎಡಕ. ಇದು ಗಡಿಯಾರ ಇಟ್ಟಂಗ ಏರತೈತಿ, ಇಳಿತೈತಿ. ಮತ್ತ ಏರತೈತಿ. ಹಿಂತಾದು ನಾ ಯಾರದ್ರಾಗೂ ನೋಡಿಲ್ಲ.”

ಆಗ ತಿಳಿಯಿತು. ನಾನು ನಮೋಕಾರ ಮಂತ್ರ ಹೇಳುತ್ತಿದ್ದೆ. ಮನಸ್ಸಿನಲ್ಲೇ. ಆದರೆ ಚಿಕ್ಕಂದಿನಿಂದ ಒಂದೊಂದು ಮಂತ್ರಕ್ಕೆ ಬಲಗೈ ಹೆಬ್ಬೆರಳನ್ನು ಒಂದೊಂದು ಬೆರಳಗೆಣ್ಣಿನ ಮೇಲೆ ಸರಿಸಿ ಎಣಿಸಿದ ಕೈ ಅದು. ನನಗೆ ಗೊತ್ತಿಲ್ಲದೆ ತನ್ನ ಪಾಡಿಗೆ ತಾನು ಎಣಿಸಿದೆ.

“ಅದೇನು ಕೆಲಸ ಆತೇನ?” ಎಂದೆ. “ದೇವರ ಹೆಸರ ಹೇಳಿದ್ರ ನಿನ್ನ ಮಶೀನಿಗೆ ಏನ್ ತ್ರಾಸು?”

ಮಾಧುರಿ ನಕ್ಕಳು. ನಗು ಮುಗಿಸಿ ತಿಳಿಸಿ ಹೇಳಿದಳು. ಮನುಷ್ಯ ಸುಮ್ಮನಿದ್ದಾಗ ಮಿದುಳು ಸುಮ್ಮನಿರುವುದಿಲ್ಲ. ಒಂದಕ್ಕೊಂದು ದೂರವಿರುವ ಕೆಲವು ಜಾಗಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ನಮ್ಮ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳು ಬೇರೆ ಬೇರೆ ಸಾಲಿನಲ್ಲಿದ್ದರೂ ಒಂದೇ ಹೊತ್ತಿಗೆ ಬಗ್ಗಿ ಒಂದೇ ಹೊತ್ತಿಗೆ ಏಳುತ್ತಾರಲ್ಲ, ದೂರದ ದಾರಿಯಲ್ಲಿ ಹೋಗುವವನಿಗೆ ಮಾತು ಕೇಳಿಸದಿದ್ದರೂ ಇವರು ಒಂದು ಜೋಡಿ ಎಂದು ತಿಳಿಯುತ್ತದಲ್ಲ, ಹಾಗೆ. ಅಂಥ ಜೋಡಿಗಳನ್ನು ಕೂಡಿಸಿ ಇವರು ಜಾಲ ಎನ್ನುತ್ತಾರೆ. ಅವುಗಳಲ್ಲೊಂದು, ನಾವು ನಮ್ಮ ಬಗ್ಗೆಯೇ ಯೋಚಿಸುತ್ತ ಕೂತಾಗ ಏಳುವ ಜಾಲ. ಖಿನ್ನತೆಯಿದ್ದವರಲ್ಲಿ ಅದರ ಕೆಲವು ನಂಟುಗಳು ಬಿಗಿಯಾಗಿ ಹಿಡಿದುಕೊಂಡು, ಬೇರೆ ಕೆಲಸ ಕರೆದರೂ ಬಿಡುವುದಿಲ್ಲವೇನೋ ಎಂಬುದು ಅವರ ಗುಮಾನಿ. ಅದನ್ನು ನೋಡಲೆಂದೇ ಸುಮ್ಮನೆ ಮಲಗಿಸುವುದು.

“ಇದು ಇನ್ನಾ ಖಾತ್ರಿ ಇಲ್ರಿ. ಒಬ್ಬರ ಚಿತ್ರಾ ನೋಡಿ ಇವರಿಗೆ ರೋಗ ಐತಿ ಅಂತ ಹೇಳಾಕ ಆಗೂದಿಲ್ಲ. ಗುಂಪು ಗುಂಪು ಕೂಡಿಸಿ ನೋಡತೇವಿ.” ಮತ್ತೆ ಪರದೆಯ ಕಡೆ ತಿರುಗಿ, “ಸುಮ್ನ ಇರ್ರಿ ಅಂತ ಹೇಳಿದ್ದೆ ಕಾಕೂ. ಯಾಕ ಎಣಿಸಾಕ ಹತ್ತಿದ್ರಿ?” ಎಂದಳು.

“ಸುಮ್ನಿದ್ರ ಬರತೈತಿ.”

“ಏನ್ ಬರತೈತಿ?”

ಬಾಯಿಂದ ಜಾರಿದ ಮಾತು, ತಿರುಗಿ ತೆಗೆದುಕೊಳ್ಳಲಾಗಲಿಲ್ಲ. ಕಿಟಕಿಯ ಹೊರಗೆ ಮಂಜು ಬೀಳುತ್ತಿತ್ತು. ಅದನ್ನು ನೋಡುತ್ತ ಹೇಳಿದೆ. ದೊಡ್ಡದೇನೂ ಅಲ್ಲ. ನೀ ಇಲ್ಲದಿದ್ರ ಯಾರ ಕೆಲಸಾನೂ ನಿಲ್ಲೂದಿಲ್ಲ, ಎಂಬ ಒಂದೇ ಮಾತು. ಬೆಳಗಿನ ನಾಲ್ಕರಿಂದ ಅದೇ ಮಾತು, ಗಾಣದ ಎತ್ತು ತಿರುಗಿದ ಹಾಗೆ. ಎಣಿಸುತ್ತಿದ್ದರೆ ದೂರ ನಿಲ್ಲುತ್ತದೆ, ಎಣಿಕೆ ತಪ್ಪಿದರೆ ಒಳಗೆ ಬರುತ್ತದೆ.

ಮಾಧುರಿ ಪೆನ್ನು ಕೆಳಗಿಟ್ಟಳು. “ಅವತ್ತ ನಾ ಕೇಳಿದಾಗ ಎಲ್ಲಾ ಬೇಷ್ ಐತಿ ಅಂದ್ರಿ.”

“ಮತ್ತೇನಂತ ಹೇಳ್ಲಿ? ನೀ ಸಂಕೇಶ್ವರದಾಕಿ. ನನ್ನ ಮಗಳ ಮಾತು ನಡೆದದ್ದೂ ಸಂಕೇಶ್ವರದಾಗ.”

ಅವಳಿಗೆ ಸಿಟ್ಟು ಬಂತು, ಅದು ಮುಖದಲ್ಲಿ ಕಂಡಿತು. “ಆ ಹಾಳ್ಯಾಗ ನಿಮ್ಮ ಹೆಸರ ಇಲ್ರಿ, ನಂಬರ್ ಐತಿ. ನೀವು ಇಲ್ಲಿ ಬಂದಿದ್ರಿ ಅಂತ ಸೈತ ನಮ್ಮವ್ವಗ ನಾ ಹೇಳಿಲ್ಲ. ಹೇಳೂದೂ ಇಲ್ಲ. ಹಂತಾ ಹುಡುಗಿ ಅಂತ ತಿಳದ್ರೇನ ನನ್ನ?” ಆಮೇಲೆ ಮೆತ್ತಗೆ, “ಆದ್ರ ನಮ್ಮ ಡಾಕ್ಟರ್ ಬಾಯಿಗೆ ಹೇಳಬೇಕಾಗತೈತಿ. ಅವರನ್ನ ಒಮ್ಮೆ ನೀವು ಕಾಣಬೇಕು. ನಾ ಜೋಡೀಲೆ ಬರತೇನಿ.”

“ನಿನ್ನ ಗುಂಪಿಂದು?”

“ಒಂದು ಕಡಿಮಿ ಆತು. ಹುಡುಕತೇನಿ.”

ಡಾಕ್ಟರ್ ಬಾಯಿ ನನ್ನ ವಾರಿಗೆಯ ಜರ್ಮನ್ ಹೆಂಗಸು. ಎರಡನೆಯ ಸಲದಿಂದ ಮಾಧುರಿಯನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ನನ್ನ ಜರ್ಮನ್ ತರಕಾರಿ ಅಂಗಡಿಯ ಜರ್ಮನ್. ಆದರೂ ಕನ್ನಡದಲ್ಲಿ ಗಂಟಲಲ್ಲೇ ನಿಲ್ಲುವ ಮಾತು ಆ ತುಂಡು ತುಂಡು ಭಾಷೆಯಲ್ಲಿ ಹೊರಗೆ ಬಂತು. ಯಾಕೆಂದು ಎಷ್ಟೋ ದಿನ ಯೋಚಿಸಿದೆ. ಕನ್ನಡದಲ್ಲಿ ಅಳು ಎಂದರೆ ಅದಕ್ಕೆ ಅತ್ತೆ, ಮಾವ, ಓಣಿಯವರು ಎಲ್ಲ ಇರುತ್ತಾರೆ. ಜರ್ಮನ್ ಮಾತಿಗೆ ನನ್ನ ಬಂಧು ಬಳಗ ಯಾರೂ ಇರಲಿಲ್ಲ. ಇದು ಖಿನ್ನತೆಯೇ ಎಂದು ಬಾಯಿ ಹೇಳಿದರು. ದಿನಕ್ಕೊಂದು ಗುಳಿಗೆ ಕೊಟ್ಟರು. ಹೊತ್ತು ಮುಳುಗಿದ ಮೇಲೆ ನಾನು ನೀರು ಸಹ ಕುಡಿಯುವುದಿಲ್ಲ ಎಂದದ್ದಕ್ಕೆ ವಾದ ಮಾಡದೆ, ಬೆಳಿಗ್ಗೆಗೆ ಬರೆದುಕೊಟ್ಟರು. ಹೊಸ ಊರಿನಲ್ಲಿ ನನ್ನ ಮೊದಲ ಗೆಲುವು ಎಂದರೆ ಅದೇ.

ಮನೆಯವರಿಗೆ ಆ ಸಂಜೆಯೇ ಹೇಳಿದೆ. ಅವರು ಬೂಟಿನ ಲಾಡಿ ಬಿಚ್ಚುತ್ತಿದ್ದವರು ಅಲ್ಲೇ ಕೂತುಬಿಟ್ಟರು. “ನಿನ್ನ ಇಲ್ಲಿ ಕರಕೊಂಡ ಬಂದದ್ದ ತಪ್ಪಾತೇನು?” ಎಂದರು. ನಾನು ಇಲ್ಲ ಎನ್ನಲಿಲ್ಲ. ಈ ಬೂದು ಆಕಾಶದ್ದೇ, ಈ ಹಲಗೆ ಮನೆಯದೇ ಎಲ್ಲ ತಪ್ಪು ಎಂದು ನನಗೂ ಅನಿಸಿತ್ತು. ಊರಲ್ಲಿದ್ದರೆ ಬಿಸಿಲಿತ್ತು, ಕೈತುಂಬ ಕೆಲಸವಿತ್ತು, ಶಾಂತಕ್ಕ ಇದ್ದಳು, ಇದು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ ಎಂದು ನಂಬಿದ್ದೆ. ಮುಂದಿನ ವಾರದಿಂದ ಶನಿವಾರ ಭಾನುವಾರ ಅವರು ಮೂರೂವರೆಗೆ ನನ್ನ ಜೊತೆ ತಾಟಿನ ಮುಂದೆ ಕೂತರು. ಹಸಿವು ಇರುತ್ತಿರಲಿಲ್ಲ ಅವರಿಗೆ.

ಚೂರು ಚೂರೇ ನಿದ್ದೆ ಬರತೊಡಗಿತು. ಮಾಧುರಿಗೆ ಮಾಡಿದ ನಷ್ಟ ತುಂಬಿಕೊಡೋಣವೆಂದು, “ಇನ್ನೊಮ್ಮೆ ಮಲಗಸ. ಈ ಸಲ ಎಣಿಸೂದಿಲ್ಲ. ಬ್ಯಾನಿ ಇದ್ದವರ ಗುಂಪಿನ್ಯಾಗ ಹಾಕ” ಎಂದೆ.

“ಆಗೂದಿಲ್ರಿ ಕಾಕೂ. ಗುಳಗಿ ಸುರು ಮಾಡೀರಿ. ನಮಗ ಗುಳಗಿ ನುಂಗದವರು ಬೇಕು.”

“ಹಂಗಾರ ನಾ ಯಾವ ಗುಂಪಿನಾಕಿ?”

“ಸದ್ಯಕ ಯಾವುದರಾಗೂ ಇಲ್ರಿ.” ಹೇಳಿ ಅವಳಿಗೇ ಕೆಟ್ಟದೆನಿಸಿರಬೇಕು, ತಟ್ಟೆಯ ರೊಟ್ಟಿ ಮುರಿಯುತ್ತ ಕೂತಳು.

ಬೇಸಿಗೆಯಲ್ಲಿ ಒಂದು ತಿಂಗಳು ಊರಿಗೆ ಹೋದೆ. ಮಗಳ ಮಾತುಕತೆಯನ್ನು ಮುಂದುವರಿಸುವುದು ನೆಪ. ಒಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ: ಸಂಕೇಶ್ವರದವರಿಗೆ ನನ್ನ ಗುಳಿಗೆಯ ವಿಷಯ ನಾವೇ ಮೊದಲು ಹೇಳಬೇಕು. ಮಗಳನ್ನು ಕೇಳಿದೆ. “ಹೇಳ್ಬಿಡ್ರಿ ಅವ್ವಾ. ಇದನ್ನ ಕೇಳಿ ಹೋಗೂವ್ರು ಇದ್ರ ಈಗ ಹೋಗ್ಲಿ” ಎಂದಳು. ಅದಕ್ಕೂ ಮುಂಚೆ ಮನೆಯಲ್ಲಿ ಹೇಳಬೇಕಿತ್ತು. ಎಂಟು ದಿನ ನಾಳೆ ಹೇಳಿದರಾಯಿತೆಂದು ಮುಂದೂಡಿದೆ. ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗುಳಿಗೆ ನುಂಗುತ್ತಿದ್ದೆ.

ಒಂಬತ್ತನೆಯ ದಿನ ಪಡಸಾಲೆಯಲ್ಲಿ ಶಾಂತಕ್ಕ ಜೋಳ ಹಸನು ಮಾಡುತ್ತಿದ್ದಳು. ಎದುರು ಕೂತು, ಅವಳ ಕಣ್ಣ ಮುಂದೆಯೇ ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದೆ.

“ಯಾತರದು?”

“ಮನಸಿಂದು,” ಎಂದೆ. ಎಲ್ಲ ಹೇಳಿದೆ. ಬೆಳಗಿನ ನಾಲ್ಕರ ಎಚ್ಚರ, ಟ್ರಾಮು, ಆ ಒಂದೇ ಮಾತು. ಶಾಂತಕ್ಕನ ಕೈ ಮೊರದ ಮೇಲೆ ಆಡುತ್ತಲೇ ಇತ್ತು, ಆದರೆ ಹರಳು ಜೋಳ ಎರಡೂ ಒಂದೇ ಕಡೆ ಬೀಳುತ್ತಿದ್ದವು. ನಕ್ಕಾಳು, ಅಲ್ಲದಿದ್ದರೆ ಕುಂತು ಉಂಡರೆ ಹಾಗೇ ಆಗತೈತಿ ಎಂದಾಳು ಎಂದು ಕಾದೆ.

“ನಾಕಕ್ಕ ಎಚ್ಚರ ಆಗೂದು,” ಎಂದಳು, ತಲೆ ಎತ್ತದೆ. “ಅದು ಈ ಗುಳಗೀಲೆ ಹೋಗತೈತೇನ?”

“ನನಗ ಹೋಗೇತಿ. ಎಲ್ಲಾರಿಗೂ ಇದ ಗುಳಗಿ ನಡಿಯೂದಿಲ್ಲಂತ. ಡಾಕ್ಟರ್ ನೋಡಿ ಕೊಡಬೇಕು.”

“ಎಷ್ಟ ವರ್ಷದ್ದಿದ್ರೂ ಹೋಗತೈತೇನ?”

ಹದಿನೇಳು ಜನರ ಮನೆ. ಮಾರ್ಚಿನ ಬಿಸಿಲು ಅಂಗಳದಲ್ಲಿ ಕುದಿಯುತ್ತಿತ್ತು. ಇವಳು ಹುಕ್ಕೇರಿ, ಗೋಕಾಕ ಬಿಟ್ಟು ಹೊರಗೆ ಹೋದವಳಲ್ಲ. ಎಲ್ಲರಿಗೂ ಬೇಕಾದವಳು, ಎಲ್ಲರನ್ನೂ ನಗಿಸುವವಳು. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ನನಗೆ ಗೊತ್ತಾಗಿರಲಿಲ್ಲ. ಎರಡು ವರ್ಷ ನಾನು ಜರ್ಮನಿಯ ಆಕಾಶವನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ಗೋಕಾಕಿಗೆ ವಾರಕ್ಕೊಮ್ಮೆ ಬೆಳಗಾವಿಯಿಂದ ಒಬ್ಬ ಮನೋವೈದ್ಯರು ಬರುತ್ತಿದ್ದರು. ಸೀರೆ ತರುತ್ತೇವೆಂದು ಮನೆಯಲ್ಲಿ ಹೇಳಿ ಇಬ್ಬರೂ ಬಸ್ಸು ಹತ್ತಿದೆವು. ಬೆಂಚಿನ ಮೇಲೆ ಕೂತಿದ್ದಾಗ ಅವಳು ನನ್ನ ಮಣಿಕಟ್ಟು ಹಿಡಿದ ಹಿಡಿತ ಬಿಡಲಿಲ್ಲ. ಕರೆದಾಗ ಹಾಗೇ ನನ್ನನ್ನು ಎಳೆದುಕೊಂಡು ಒಳಗೆ ಹೋದಳು. ಡಾಕ್ಟರು, “ಯಾರಿಗ್ರಿ?” ಎಂದು ಕೇಳಿದರು. ಶಾಂತಕ್ಕ ನನ್ನ ಕಡೆ ನೋಡಿದಳು. “ಅಕ್ಕಗ್ರಿ. ನಂದು ಬ್ಯಾರೆ ಕಡೆ ನಡದೈತಿ,” ಎಂದೆ. ಆಮೇಲೆ ಅವಳೇ ಹೇಳಿದಳು, ಬಹಳ ಹೊತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ, “ಹದಿನೈದು ದಿನಕ್ಕ ಮತ್ತ ಬಾ ಅಂದಾರ. ನೀ ಹೋದ ಮ್ಯಾಲ ನಾ ಯಾರ ಜೋಡಿ ಬರ್ಲಿ?” ಎಂದಳು. ಸೀರೆ ತರುವುದನ್ನು ಇಬ್ಬರೂ ಮರೆತಿದ್ದೆವು. ಅತ್ತೆಗೆ ಬಣ್ಣ ಮನಸ್ಸಿಗೆ ಬರಲಿಲ್ಲವೆಂದು ಹೇಳಿದೆವು.

ಸಂಕೇಶ್ವರದವರಿಗೆ ನಾವೇ ಹೋಗಿ ಹೇಳಿ ಬಂದೆವು. ಚಾ ಕೊಟ್ಟರು, ಕೇಳಿಕೊಂಡರು. ಇದನ್ನು ಬರೆಯುವವರೆಗೂ ಹೌದು ಎಂದೂ ಅಂದಿಲ್ಲ, ಅಲ್ಲ ಎಂದೂ ಅಂದಿಲ್ಲ.

ನಾನು ಮತ್ತೆ ನಾಲ್ಕನೆಯ ಮಹಡಿಗೆ ಬಂದು ಎರಡು ತಿಂಗಳಾಯಿತು. ಅಲ್ಲಿರುವಾಗ ಇಲ್ಲಿಯ ಡಾಕ್ಟರ್ ಬಾಯಿಯ ಕೋಣೆ ಬೇಕೆನಿಸುತ್ತಿತ್ತು. ಇಲ್ಲಿ ಆ ಕೋಣೆಯ ಮುಂದೆ ಸರದಿ ಕಾಯುತ್ತ ಕೂತರೆ ಬಾಜೂಕಿನ ಖಾಲಿ ಕುರ್ಚಿಯ ಕಡೆಗೇ ಕಣ್ಣು ಹೋಗುತ್ತದೆ. ಮೊನ್ನೆ ಶಾಂತಕ್ಕ ಫೋನ್ ಮಾಡಿದ್ದಳು.

“ಇವತ್ತ ಗೋಕಾಕಿಗೆ ಹೋಗಿದ್ದೆ. ಒಬ್ಬಾಕೀನ ಹೋಗಿದ್ದೆ.”

“ಡಾಕ್ಟರು ಏನಂದ್ರು?”

“ಅವತ್ತ ಜೋಡಿ ಬಂದಾಕಿ ಇಲ್ಲೇನು ಅಂತ ಕೇಳಿದ್ರು.”

“ನೀ ಏನಂದಿ?”

“ಅದಾಳ್ರಿ, ಅಂದೆ. ಅಕೀನೂ ಇವತ್ತ ದವಾಖಾನ್ಯಾಗ ಕುಂತಿರಬೇಕು, ಅಂದೆ.”